ಮಗುವಿನ ಕೈಯಲ್ಲಿ ಏನಿದೆ?

ಪತ್ರದ ಸಾರ: ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಓದುಗರೊಬ್ಬರು ಬರೆದಿದ್ದಾರೆ. "ಯುರೋಪಿನ ಹಳೆಯ ಚಿತ್ರಗಳಲ್ಲಿ ತಾಯಿ ಮೇರಿಯ ತೊಡೆಯ ಮೇಲಿನ ಕೂಸು ಕ್ರಿಸ್ತ ಕೂಸಿನಂತೆ ಕಾಣುವುದಿಲ್ಲ, ಕುಳ್ಳ ಮುದುಕನಂತೆ ಕಾಣುತ್ತದೆ. ತೋರಿಸಿದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ಆ ಕಲಾವಿದರಿಗೆ ಬರೆಯಲು ಬರುತ್ತಿರಲಿಲ್ಲವೇ? ಇಲ್ಲವೇ, ಎಲ್ಲೋ ಓದಿದಂತೆ, ಆ ಕಾಲದವರಿಗೆ ಬಾಲ್ಯವೆಂಬ ಕಲ್ಪನೆಯೇ ಇರಲಿಲ್ಲವೇ? ತರಗತಿಗೆ ನಾಲ್ಕೈದು ಚಿತ್ರ ಸೂಚಿಸಿ."

ಸಂಪಾದಕರ ಉತ್ತರ:

ನಕ್ಕರೆ ನಗಲಿ ಬಿಡಿ, ನಿಮ್ಮ ವಿದ್ಯಾರ್ಥಿಗಳ ಕಣ್ಣು ಚುರುಕಾಗಿಯೇ ಇದೆ. ನಗು ಮುಗಿದ ಮೇಲೆ ಒಬ್ಬೊಬ್ಬರ ಕೈಗೂ ಒಂದು ಸ್ಕೇಲು ಕೊಡಿ. ಹುಟ್ಟಿದ ಮಗುವಿನ ತಲೆ ಮೈಯುದ್ದದ ನಾಲ್ಕನೇ ಒಂದು ಭಾಗ. ಎರಡು ವರ್ಷಕ್ಕೆ ಸುಮಾರು ಐದನೇ ಒಂದು, ಆರೇಳು ವರ್ಷಕ್ಕೆ ಆರನೇ ಒಂದು. ದೊಡ್ಡವರಲ್ಲಿ ಏಳೂವರೆ ಭಾಗದಲ್ಲಿ ಒಂದು. ಕಣ್ಣಿನ ಜಾಗವೂ ಬೇರೆ. ದೊಡ್ಡವರ ಕಣ್ಣು ತಲೆಯ ಸರಿಯಾಗಿ ನಡುಮಟ್ಟಕ್ಕಿರುತ್ತದೆ. ಕೂಸಿನದು ನಡುವಿಗಿಂತ ಕೆಳಗೆ, ಮೇಲೆಲ್ಲ ಹಣೆಯೇ ಹಣೆ. ಹಾಗಾಗಿ ದೊಡ್ಡವರನ್ನು ಕುಗ್ಗಿಸಿ ಬರೆದರೆ ಮಗುವಾಗುವುದಿಲ್ಲ, ಕುಳ್ಳನಾಗುತ್ತಾನೆ. 13ನೇ ಶತಮಾನದ ಇಟಲಿಯ ಫಲಕಗಳಲ್ಲಿ ಆಗಿರುವುದು ಇದೇ. ಲಿಯೊನಾರ್ಡೊ ತನ್ನ ಟಿಪ್ಪಣಿಗಳಲ್ಲಿ ಇನ್ನೊಂದು ಗುರುತು ಕೊಡುತ್ತಾನೆ: ದೊಡ್ಡವರ ಕೀಲುಗಳು ದಪ್ಪ, ನಡುವಿನ ಭಾಗ ತೆಳು, ಕೂಸಿನಲ್ಲಿ ಕೀಲು ಸಣ್ಣ, ನಡುವೆ ಮಾಂಸ ಉಬ್ಬಿರುತ್ತದೆ. ಮಣಿಕಟ್ಟಿನ ಬಳಿ ದಾರ ಕಟ್ಟಿದಂತೆ ಬೀಳುವ ಗೆರೆ ಅದೇ.

ಹಾಗಾದರೆ ಬರೆಯಲು ಬರುತ್ತಿರಲಿಲ್ಲವೇ? ಅವರು ಬರೆಯಹೊರಟದ್ದು ಮಗುವನ್ನೇ ಅಲ್ಲ. ಬೈಜಾಂಟಿಯಂನಿಂದ (ಪೂರ್ವ ರೋಮನ್ ಸಾಮ್ರಾಜ್ಯದಿಂದ) ಬಂದ ಮಾದರಿಯಲ್ಲಿ ತಾಯಿಯ ತೋಳಲ್ಲಿ ಕೂತಿರುವವನು ಕಾಲಾತೀತನಾದ ದೇವರು. ಒಂದು ಕೈಯಲ್ಲಿ ಗ್ರಂಥದ ಸುರುಳಿ, ಇನ್ನೊಂದು ಕೈ ಆಶೀರ್ವಾದಕ್ಕೆ ಎತ್ತಿದೆ. ಎಲ್ಲವನ್ನೂ ಬಲ್ಲವನಿಗೆ ಬೊಚ್ಚುಬಾಯಿ ಬರೆದರೆ ಚಿತ್ರ ಮಾಡಿಸಿದವರು ಒಪ್ಪುತ್ತಿದ್ದರೇ? ಕಲಾವಿದ ಕೆಲಸ ಕಲಿಯುತ್ತಿದ್ದದ್ದೂ ಗುರುವಿನ ಮಾದರಿ ಚಿತ್ರಗಳನ್ನು ನಕಲು ಮಾಡಿ, ತೊಟ್ಟಿಲು ನೋಡಿ ಅಲ್ಲ.

ವಿದ್ಯಾರ್ಥಿಗಳಿಗೆ ಒಂದೇ ಒಂದು ಸೂತ್ರ ಹೇಳಿಕೊಡುವುದಾದರೆ ನಾವು ಹೇಳುವುದು ಇದು: ಮುಖ ಬಿಡಿ, ಕೈ ನೋಡಿ. ಮಗು ಏನು ಹಿಡಿದಿದೆ ಎಂಬುದರಿಂದ ಆ ಚಿತ್ರವನ್ನು ಯಾರು, ಯಾತಕ್ಕೆ ಬರೆಸಿದರೆಂದು ಬಹುಪಾಲು ಗೊತ್ತಾಗುತ್ತದೆ.

1223ರಲ್ಲಿ ಸಂತ ಫ್ರಾನ್ಸಿಸ್ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು ತುಂಬಿದ ಗೋದಲಿ ಇಟ್ಟು, ಎತ್ತು ಕತ್ತೆ ನಿಲ್ಲಿಸಿ ಕ್ರಿಸ್ತಜನನದ ಹಬ್ಬ ಮಾಡಿದ. ಚಳಿಯಲ್ಲಿ ನಡುಗುವ ಕೂಸಾಗಿ ದೇವರನ್ನು ನೆನೆಯುವ ಈ ಭಕ್ತಿ ಇಟಲಿಯಲ್ಲಿ ಹಬ್ಬಿದಂತೆ ಚಿತ್ರದೊಳಗಿನ ಕೈಯೂ ಸಡಿಲವಾಯಿತು. ಸುಮಾರು 1290–1300ರ ನಡುವೆ ಸಿಯೆನಾದ ದೂಚ್ಚೊ ಬರೆದ ಪುಟ್ಟ ಫಲಕವೊಂದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಕೂಸು ಸುರುಳಿ ಬಿಟ್ಟು ತಾಯಿಯ ಮುಸುಕನ್ನು ಸರಿಸುತ್ತದೆ. ಮುಖ ಇನ್ನೂ ಹಳೆಯ ಮಾದರಿಯದೇ, ಕೈ ಮಾತ್ರ ಹೊಸದು. ಚೌಕಟ್ಟಿನ ಕೆಳ ಅಂಚಿನಲ್ಲಿ ಮೇಣದಬತ್ತಿ ತಗುಲಿ ಸುಟ್ಟ ಕಲೆಗಳಿವೆ: ಮನೆಯೊಳಗೆ, ಹತ್ತಿರ ಕೂತು ಪ್ರಾರ್ಥಿಸಲು ಮಾಡಿಸಿದ ಚಿತ್ರ. 1426ರಲ್ಲಿ ಮಸಾಚ್ಚೊ ಪೀಸಾದ ಚರ್ಚಿಗೆ ಬರೆದ ಕೂಸಂತೂ (ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ) ಬೆತ್ತಲೆ ಕೂತು ದ್ರಾಕ್ಷಿ ತಿನ್ನುತ್ತ ಬೆರಳು ಚೀಪುತ್ತಿದೆ. ದ್ರಾಕ್ಷಿ ಕ್ರಿಸ್ತನ ಬಲಿಯ ರಕ್ತದ ಸಂಕೇತ, ಬೆರಳು ಚೀಪುವುದು ಮಾತ್ರ ಅಪ್ಪಟ ಕೂಸಿನ ಚಾಳಿ.

ಮುಖ ಹಸಿರುಗಟ್ಟಿ ರೋಗಿಷ್ಠನಂತೆ ಕಾಣುತ್ತದೆ ಎಂದೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದರಲ್ಲಿ ಕಲಾವಿದನ ತಪ್ಪೇನೂ ಇಲ್ಲ. ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸುವ ಟೆಂಪೆರಾದಲ್ಲಿ ಮೈಬಣ್ಣದ ಅಡಿಗೆ ಹಸಿರು ಮಣ್ಣಿನ ಲೇಪ ಕೊಟ್ಟು, ಮೇಲೆ ಗುಲಾಬಿ ಬಣ್ಣವನ್ನು ಸಣ್ಣ ಗೀರುಗಳಲ್ಲಿ ಕೂರಿಸುತ್ತಿದ್ದರು. ಶತಮಾನಗಳ ಒರೆಸಾಟದಲ್ಲಿ ಗುಲಾಬಿ ಸವೆದು ಅಡಿಯ ಹಸಿರು ಮೇಲೆದ್ದಿದೆ. ಟೆಂಪೆರಾ ಬೇಗ ಒಣಗುವುದರಿಂದ ಕೆನ್ನೆಯ ನುಣುಪನ್ನು ತೇಲಿಸಿ ತೀಡಲೂ ಆಗುತ್ತಿರಲಿಲ್ಲ. ನಿಧಾನವಾಗಿ ಒಣಗುವ ತೈಲವರ್ಣ ಬಂದ ಮೇಲೆ ಆ ಕೊರತೆ ನೀಗಿತು. ಬದಲಿಗೆ ಇನ್ನೊಂದು ತಪ್ಪು ಶುರುವಾಯಿತು: ರೋಮನ್ ಶಿಲ್ಪದ ರೆಕ್ಕೆಯ ಬಾಲಕರನ್ನು ನೋಡಿ ಬರೆದ ಕೂಸುಗಳಿಗೆ ಗರಡಿಯಾಳಿನ ಎದೆ ಬಂತು.

ಇನ್ನು "ಬಾಲ್ಯವೆಂಬ ಕಲ್ಪನೆಯೇ ಇರಲಿಲ್ಲ" ಎನ್ನುವ ಮಾತು. ಇದನ್ನು ಹರಡಿದ್ದು ಫ್ರೆಂಚ್ ಇತಿಹಾಸಕಾರ ಫಿಲಿಪ್ ಆರಿಯೆಸ್ 1960ರಲ್ಲಿ ಪ್ರಕಟಿಸಿದ ಪುಸ್ತಕ. ಅವರು ಆಧರಿಸಿದ ಸಾಕ್ಷ್ಯಗಳಲ್ಲಿ ಚಿತ್ರಗಳೂ ಮುಖ್ಯವಾಗಿದ್ದವು. ಎಡವಿದ್ದೂ ಅಲ್ಲೇ ಎಂದು ನಮ್ಮ ಅಭಿಪ್ರಾಯ. ಪೂಜೆಗೆ ಬರೆಸಿದ ಚಿತ್ರ ಮನೆಯ ಅಂಗಳದ ಸುದ್ದಿ ಹೇಳುವುದಿಲ್ಲ. ಲಂಡನ್ನಿನಲ್ಲಿ ಥೇಮ್ಸ್ ನದಿಯ ಕೆಸರಿನಿಂದ ಮಧ್ಯಯುಗದ ಸೀಸ-ತವರದ ಆಟಿಕೆಗಳು ಸಿಕ್ಕಿವೆ. ಆಡುವ ಮಕ್ಕಳಿಲ್ಲದೆ ಆಟಿಕೆ ಯಾರಿಗೆ? ಬ್ರೂಗಲ್‌ನ 1560ರ 'ಮಕ್ಕಳ ಆಟಗಳು' ಚಿತ್ರ ನೋಡಿ, ವಿಯೆನ್ನಾದಲ್ಲಿದೆ. 118 ಸೆಂ.ಮೀ. ಎತ್ತರ, 161 ಸೆಂ.ಮೀ. ಅಗಲದ ಹಲಗೆಯ ಮೇಲೆ ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತರಷ್ಟು ಆಟಗಳು: ಬುಗುರಿ, ಗೋಲಿ, ಮರಗಾಲು, ಕಣ್ಣಿಗೆ ಬಟ್ಟೆ ಕಟ್ಟಿ ಹಿಡಿಯುವ ಆಟ, ಪೀಪಾಯಿಯ ಬಳೆ ಓಡಿಸುವುದು, ಹಂದಿಯ ಮೂತ್ರಕೋಶ ಊದಿ ಚೆಂಡು ಮಾಡುವುದು. ಎಡ ಮೂಲೆಯಲ್ಲಿ ಇಬ್ಬರು ಆಡುತ್ತಿರುವುದು ಮೂಳೆಯ ತುಂಡುಗಳ ಆಟ. ನಮ್ಮ ಕಲ್ಲಾಟ ಆಡಿದವರಿಗೆ ವಿವರಣೆ ಬೇಕಿಲ್ಲ. ಮುಖಗಳು ಮಾತ್ರ ಇಲ್ಲೂ ದೊಡ್ಡವರಂತೆ ಗಂಭೀರ.

ಅರಮನೆಯ ಮಕ್ಕಳ ಕೈಗೆ ಬಂದರೆ ರಾಜಕಾರಣ. 1537ರ ಅಕ್ಟೋಬರಿನಲ್ಲಿ ಹುಟ್ಟಿದ ಇಂಗ್ಲೆಂಡಿನ ರಾಜಕುಮಾರ ಎಡ್ವರ್ಡ್‌ನನ್ನು ಹೋಲ್ಬೈನ್ ಬರೆದಾಗ ಅವನಿಗೆ ವರ್ಷ ದಾಟಿತ್ತಷ್ಟೆ. ಚಿನ್ನದ ಗಿಲಕಿಯನ್ನು ರಾಜದಂಡದಂತೆ ಹಿಡಿದಿದ್ದಾನೆ, ಕೆಳಗಿನ ಲ್ಯಾಟಿನ್ ಪದ್ಯ ಅಪ್ಪನಂತಾಗು ಎನ್ನುತ್ತದೆ. ಬ್ರೊಂಜಿನೊ 1545ರಲ್ಲಿ ಬರೆದ ಫ್ಲಾರೆನ್ಸಿನ ಆಳುವ ಮನೆತನದ ಪುಟ್ಟ ಜೊವಾನಿ ಮೆದಿಚಿ ಇದಕ್ಕೆ ತದ್ವಿರುದ್ಧ: ಮುಷ್ಟಿಯಲ್ಲಿ ಹಕ್ಕಿ ಅದುಮಿಕೊಂಡು, ಹಾಲುಹಲ್ಲು ತೋರಿಸಿ ನಗುತ್ತಾನೆ. ಆ ಕಾಲದ ಅರಮನೆಯ ಭಾವಚಿತ್ರದಲ್ಲಿ ಹಲ್ಲು ಕಾಣಿಸುವುದು ಅಪರೂಪ.

ವೆಲಾಸ್ಕೆಸ್ 1659ರಲ್ಲಿ ಬರೆದ ಸ್ಪೇನಿನ ರಾಜಕುಮಾರ ಫೆಲಿಪೆ ಪ್ರೋಸ್ಪೆರೊನನ್ನು ಹುಡುಗಿ ಎಂದುಕೊಳ್ಳಬೇಡಿ. ಆರೇಳು ವರ್ಷದವರೆಗೆ ಗಂಡುಮಕ್ಕಳಿಗೂ ಲಂಗವೇ ಉಡುಪು. ಪದೇಪದೇ ಬಟ್ಟೆ ಬದಲಿಸುವವರಿಗೆ ಅದೇ ಸಲೀಸು. ಈ ಮಗುವಿನ ಎದೆ, ಸೊಂಟದ ಮೇಲೆ ತೂಗುತ್ತಿರುವ ಗಂಟೆ, ತಾಯಿತಗಳು ದೃಷ್ಟಿ ತಾಗದಿರಲೆಂದು. ನಾಲ್ಕು ತುಂಬುವ ಮೊದಲೇ, 1661ರಲ್ಲಿ, ತೀರಿಕೊಂಡ.

18ನೇ ಶತಮಾನದಲ್ಲಿ, ಮಕ್ಕಳನ್ನು ಬೆಳೆಸುವ ಬಗೆ ಕುರಿತು ಬರೆದ ಚಿಂತಕರಾದ ಲಾಕ್, ರೂಸೊ ಅವರನ್ನು ಓದಿದ ಮನೆಗಳಲ್ಲಿ ಬಿಗಿ ಉಡುಪು ಸಡಿಲವಾಯಿತು, ಮಕ್ಕಳು ಚಿತ್ರದಲ್ಲಿ ತೋಟಕ್ಕಿಳಿದರು. ಇಂಗ್ಲೆಂಡಿನ ಕಲಾವಿದ ರೆನಾಲ್ಡ್ಸ್‌ನ ಮುಗ್ಧ ಹುಡುಗಿಯರು ನಮಗೆ ಸ್ವಲ್ಪ ಸಿಹಿ ಹೆಚ್ಚು. ಆ ಜಾಡಿನ ತುದಿಯಲ್ಲಿ ಮಿಲ್ಲೇ 1886ರಲ್ಲಿ ಬರೆದ ನೊರೆಗುಳ್ಳೆ ಊದುವ ಹುಡುಗ ಪಿಯರ್ಸ್ ಸೋಪಿನ ಜಾಹೀರಾತಾದ. ಗೋಯಾ 1787–88ರಲ್ಲಿ ಬರೆದ ಮಾನುಯೆಲ್ ಓಸೋರಿಯೊ ಹಾಗಲ್ಲ. ಕೆಂಪು ಉಡುಪಿನ ಮೂರ್ನಾಲ್ಕು ವರ್ಷದ ಪೋರ ಮ್ಯಾಗ್ಪೈ ಹಕ್ಕಿಯನ್ನು ದಾರಕ್ಕೆ ಕಟ್ಟಿ ಹಿಡಿದಿದ್ದಾನೆ, ಹಿಂದೆ ಮೂರು ಬೆಕ್ಕುಗಳು ಹಕ್ಕಿಯ ಮೇಲೆ ಕಣ್ಣು ನೆಟ್ಟಿವೆ. ಹುಡುಗ ಅತ್ತ ನೋಡುತ್ತಿಲ್ಲ. ಇಲ್ಲಿ ಮುಗ್ಧತೆ ಇದೆ, ಅದನ್ನು ನುಂಗಲು ಕಾದಿರುವುದೂ ಇದೆ.

1805–06ರಲ್ಲಿ ಹ್ಯಾಂಬರ್ಗಿನ ಕಲಾವಿದ ರೂಂಗೆ ಎಂಬಾತ ಇನ್ನೊಂದು ದಾರಿ ಹಿಡಿದ. ಕಲಾವಿದನ ಕಣ್ಣನ್ನೇ ಮಕ್ಕಳ ಎತ್ತರಕ್ಕೆ ಇಳಿಸಿದ. ಹಾಗಾಗಿ ಹುಲ್ಸೆನ್‌ಬೆಕ್ ಮನೆಯ ಮೂವರು ಮಕ್ಕಳು ಬೇಲಿಯ ಪಕ್ಕ ದೈತ್ಯರಂತೆ ನಿಂತಿದ್ದಾರೆ. ಫೋಟೊ ತೆಗೆಯುವಾಗ ಮಂಡಿಯೂರಿದರೆ ಆಗುವುದೂ ಇದೇ; ತರಗತಿಯಲ್ಲಿ ಮೊಬೈಲಿನಲ್ಲೇ ಮಾಡಿ ತೋರಿಸಬಹುದು.

ಕೊನೆಗೆ ಖಾಲಿ ಕೈ. ಪ್ಯಾರಿಸ್ಸಿನಲ್ಲಿದ್ದ ಅಮೆರಿಕದ ಮೇರಿ ಕಸಾಟ್ 1878ರಲ್ಲಿ ಬರೆದ ಹುಡುಗಿ ನೀಲಿ ಕುರ್ಚಿಯಲ್ಲಿ ಕಾಲು ಚಾಚಿ, ಒಂದು ಕೈ ತಲೆಯ ಹಿಂದಿಟ್ಟು ಬೇಸರದಿಂದ ಬಿದ್ದುಕೊಂಡಿದ್ದಾಳೆ. ಹಣ್ಣಿಲ್ಲ, ಹಕ್ಕಿಯಿಲ್ಲ, ಗೊಂಬೆಯಿಲ್ಲ. ಆ ವರ್ಷದ ಪ್ಯಾರಿಸ್ ಮಹಾಪ್ರದರ್ಶನದ ತೀರ್ಪುಗಾರರು ಚಿತ್ರವನ್ನು ತಿರಸ್ಕರಿಸಿದರು.

ತರಗತಿಗೆ ದೂಚ್ಚೊ, ಹೋಲ್ಬೈನ್, ಬ್ರೂಗಲ್, ಗೋಯಾ, ಕಸಾಟ್ ಸಾಕು. ದೂಚ್ಚೊ, ಗೋಯಾ ಚಿತ್ರಗಳನ್ನು ಮೆಟ್ರೊಪಾಲಿಟನ್ ಮ್ಯೂಸಿಯಂನ ತಾಣದಲ್ಲೂ, ಹೋಲ್ಬೈನ್, ಕಸಾಟ್ ಚಿತ್ರಗಳನ್ನು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯ ತಾಣದಲ್ಲೂ ದೊಡ್ಡ ಗಾತ್ರದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ದೂಚ್ಚೊ ಫಲಕ ಚೌಕಟ್ಟು ಸೇರಿ 27.9 × 21 ಸೆಂ.ಮೀ., ಹೆಚ್ಚುಕಡಿಮೆ ಎ4 ಹಾಳೆಯಷ್ಟೇ. ಅದನ್ನು ಎ4ನಲ್ಲೇ ಮುದ್ರಿಸಿ, ಗೋಡೆಗೆ ಅಂಟಿಸದೆ ಕೈಯಿಂದ ಕೈಗೆ ದಾಟಿಸಿ. ಬ್ರೂಗಲ್ ಅನ್ನು ಎ4ಗೆ ಇಳಿಸಿದರೆ ಮಕ್ಕಳು ಇರುವೆಗಳಾಗುತ್ತಾರೆ. ಆರು ತುಂಡು ಮಾಡಿ ಆರು ಗುಂಪಿಗೆ ಹಂಚಿ, ಯಾರಿಗೆ ಎಷ್ಟು ಆಟ ಸಿಕ್ಕಿತೆಂದು ಎಣಿಸಲು ಹೇಳಿ.