ಸಪ್ಲೈ ಟೀಚರ್ ಆಗಿ ಶುರು ಮಾಡಿದರೆ ಏನಂತೆ?

ತಂಗಿ, ನಿಮ್ಮ ಪತ್ರ ಓದಿದೆ. ಹಾಸನದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೀರಿ, ಯಜಮಾನರಿಗೆ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೆಲಸ ಸಿಕ್ಕಿದೆ, ಸದ್ಯದಲ್ಲೇ ಹೊರಡುತ್ತೀರಿ. ‘ನನ್ನ ಬಿ.ಎಡ್. ಅಲ್ಲಿ ನಡೆಯುತ್ತಾ? ನನ್ನ ಇಂಗ್ಲಿಷ್ ಕೇಳಿ ಮಕ್ಕಳು ನಗುವುದಿಲ್ವಾ? ಪಾಠ ಬಿಟ್ಟು ಬೇರೇನಾದರೂ ಕಲಿಯಲಾ?’ ಅಂತ ಕೇಳಿದ್ದೀರಿ. ಇಲ್ಲಿ ನಮ್ಮವರಲ್ಲಿ ಯಾರನ್ನೇ ಕೇಳಿ, ‘ಸುಮ್ನೆ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮಾಡ್ಕೊಳ್ಳಿ’ ಅಂತಾರೆ. ನನಗೂ ಹೇಳಿದ್ದರು. ನಾನು ಕೇಳಲಿಲ್ಲ. ಲಂಡನ್ನಿನ ಶಾಲೆಗಳಲ್ಲೇ ತಲೆ ನರೆಯಿತು.

ನನ್ನ ಕಥೆ ಇರಲಿ. ಇವೋನ್ ಕಾನೊಲಿ ಅಂತ ಒಬ್ಬ ಜಮೈಕಾದ ಟೀಚರಮ್ಮ ಇದ್ದರು. ನಿಮಗೆ ಅವರ ವಿಷಯ ಹೇಳಬೇಕು.

ಅವರು ಹುಟ್ಟಿದ್ದು 1939ರಲ್ಲಿ. ಜಮೈಕಾದ ಶಾರ್ಟ್‌ವುಡ್ ಕಾಲೇಜಿನಲ್ಲಿ ಶಿಕ್ಷಕರ ತರಬೇತಿ ಮುಗಿಸಿದ್ದರು. ಜಮೈಕಾಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ, 1963ರಲ್ಲಿ, ಲಂಡನ್ನಿಗೆ ಬಂದರು. ಕೈಯಲ್ಲಿ ಓದು ಇತ್ತು, ಆದರೂ ಮೊದಲು ಸಿಕ್ಕಿದ್ದು ಸಪ್ಲೈ ಟೀಚರ್ ಕೆಲಸ. ಅಂದರೆ ಯಾರೋ ರಜೆ ಹಾಕಿದ ದಿನ ಅವರ ಜಾಗದಲ್ಲಿ ಹೋಗಿ ನಿಲ್ಲುವುದು.

ಈ ಕೆಲಸ ಹೇಗಿರುತ್ತೆ ಅಂತ ಮೊದಲೇ ತಿಳಿದಿರಲಿ, ಯಾಕಂದ್ರೆ ನೀವೂ ಇಲ್ಲಿಂದಲೇ ಶುರು ಮಾಡಬೇಕಾಗಬಹುದು. ಈಗ ಬೆಳಿಗ್ಗೆ ಏಳಕ್ಕೆ ಏಜೆನ್ಸಿಯಿಂದ ಫೋನ್ ಬರುತ್ತೆ. ಎಂಟೂವರೆಗೆ ಗುರುತೇ ಇಲ್ಲದ ಶಾಲೆಯ ಬಾಗಿಲಲ್ಲಿ ಇರಬೇಕು. ಕತ್ತಿಗೆ ವಿಸಿಟರ್ ಬ್ಯಾಡ್ಜ್ ಹಾಕುತ್ತಾರೆ. ಟಾಯ್ಲೆಟ್ ಎಲ್ಲಿದೆ ಅಂತ ಗೊತ್ತಾಗುವ ಮೊದಲೇ ಕ್ಲಾಸಿನಲ್ಲಿ ನಿಂತಿರುತ್ತೀರಿ. ಸಪ್ಲೈ ಟೀಚರ್ ಬಂದರೆ ಮಕ್ಕಳಿಗೆ ಹಬ್ಬ. ಹಾಜರಿ ಕರೆದಾಗ ಒಬ್ಬನ ಹೆಸರಿಗೆ ಇನ್ನೊಬ್ಬ ‘ಯೆಸ್ ಮಿಸ್’ ಅಂತಾನೆ. ಜನವರಿಯ ಚಳಿಯಲ್ಲಿ ಮೈದಾನದ ಡ್ಯೂಟಿ ಬೇರೆ. ಹೊಸಬರಿಗೆ ಅದನ್ನೇ ಜಾಸ್ತಿ ಹಾಕುತ್ತಾರೆ ಅಂತ ನನ್ನ ಗುಮಾನಿ!

ಕಾನೊಲಿ ಅಲ್ಲೇ ನಿಲ್ಲಲಿಲ್ಲ. ಲಂಡನ್ನಿನದೇ ಸ್ವಿಸ್ ಕಾಟೇಜ್ ಬಡಾವಣೆಯ ಜಾರ್ಜ್ ಎಲಿಯಟ್ ಶಾಲೆಯಲ್ಲಿ ಕಾಯಂ ಕೆಲಸ ಹಿಡಿದರು. 1969ರಲ್ಲಿ, ಇಪ್ಪತ್ತೊಂಬತ್ತರ ಹರೆಯದಲ್ಲಿ, ಉತ್ತರ ಲಂಡನ್ನಿನ ರಿಂಗ್ ಕ್ರಾಸ್ ಪ್ರೈಮರಿ ಶಾಲೆಗೆ ಹೆಡ್‌ಮಿಸ್ಟ್ರೆಸ್ ಆದರು. ಬ್ರಿಟನ್ನಿನಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಕಪ್ಪು ಮಹಿಳೆ ಅವರೇ. (ಗಂಡಸರಲ್ಲಿ ಎರಡು ವರ್ಷ ಮೊದಲೇ ಟೋನಿ ಓಕಾನರ್ ಇಂಗ್ಲೆಂಡಿನ ಸ್ಮೆಥಿಕ್ ಊರಿನಲ್ಲಿ ಹೆಡ್‌ಮಾಸ್ಟರ್ ಆಗಿದ್ದರು. ಅವರೂ ಜಮೈಕಾದವರೇ.)

ಕಾಲ ಎಂಥದ್ದು ನೋಡಿ. ಹಿಂದಿನ ವರ್ಷವಷ್ಟೇ ಇನಾಕ್ ಪೊವೆಲ್ ಎಂಬ ಸಂಸದ ವಲಸಿಗರ ವಿರುದ್ಧ ಬೆಂಕಿ ಉಗುಳುವ ಭಾಷಣ ಮಾಡಿದ್ದ. ಈಯಮ್ಮ ಹೆಡ್ ಆಗುತ್ತಾರೆ ಅಂತ ಗೊತ್ತಾದಾಗ ಶಾಲೆಗೇ ಬೆಂಕಿ ಇಡುತ್ತೇವೆ ಅಂತ ಬೆದರಿಕೆ ಬಂತು. ಮೊದಲ ದಿನ ಅಂಗರಕ್ಷಕನ ಜೊತೆ ಶಾಲೆಗೆ ಹೋಗಬೇಕಾಯಿತು. ಪ್ರೈಮರಿ ಶಾಲೆಯ ಟೀಚರಿಗೆ ಅಂಗರಕ್ಷಕ ಅಂದ್ರೆ ಏನು ಹೇಳೋಣ!

ಆ ಹೊತ್ತಿಗೆ ಮಕ್ಕಳ ಪಾಡೂ ಚೆನ್ನಾಗಿರಲಿಲ್ಲ. ಕೆರಿಬಿಯನ್ ಕಡೆಯ ಎಷ್ಟೋ ಮಕ್ಕಳಿಗೆ ‘ಬುದ್ಧಿ ಮಂದ’ ಅಂತ ಹಣೆಪಟ್ಟಿ ಹಚ್ಚಿ ಬೇರೆ ಶಾಲೆಗಳಿಗೆ ಸಾಗಹಾಕುತ್ತಿದ್ದರು. ಮಗು ಮನೆಯ ಇಂಗ್ಲಿಷ್ ಮಾತಾಡಿದರೆ ಅದೇ ದಡ್ಡತನಕ್ಕೆ ಸಾಕ್ಷಿ ಅಂತ ತಿಳಿಯುವವರಿದ್ದರು. ಹಾಗಾಗಿ ನಿಮ್ಮ ಉಚ್ಚಾರಣೆಯ ಚಿಂತೆ ಸಣ್ಣದು ಅಂತ ನಾನು ಹೇಳುವುದಿಲ್ಲ. ಆದರೆ ಮಕ್ಕಳು ನಗೋದು ಒಂದೆರಡು ವಾರ. ಆಮೇಲೆ ಅವರೇ ನಿಮ್ಮ ಮಾತಿನ ಧಾಟಿ ಅನುಕರಣೆ ಮಾಡಿ ತೋರಿಸುತ್ತಾರೆ, ನೀವೂ ನಕ್ಕುಬಿಡಿ. ತೊಂದರೆ ಇರೋದು ದೊಡ್ಡವರ ಹತ್ತಿರ. ‘ನೀವು ಎಷ್ಟು ಚೆನ್ನಾಗಿ ಸಹಾಯ ಮಾಡ್ತೀರಿ’ ಅಂತ ಹೊಗಳುತ್ತಾ ವರ್ಷಗಟ್ಟಲೆ ಅಸಿಸ್ಟೆಂಟ್ ಕೆಲಸದಲ್ಲೇ ಇಟ್ಟುಕೊಳ್ಳುತ್ತಾರೆ. ನನ್ನನ್ನು ಒಂದು ಶಾಲೆಯಲ್ಲಿ ಹಾಗೇ ಮಾಡಿದರು. ಬಡ್ತಿ ಕೇಳಿದ ದಿನ ಎಲ್ಲರಿಗೂ ಆಶ್ಚರ್ಯ. ನೀವು ಕೇಳಿ. ನಮ್ಮ ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳೋದೇ ಇಲ್ಲ, ಅಲ್ವಾ?

ಕಾನೊಲಿಯವರಲ್ಲಿ ನನಗೆ ಹೆಡ್ ಕುರ್ಚಿಗಿಂತ ಹಿಡಿಸಿದ್ದು ಅದರ ಮುಂದಿನದು. 1978ರಲ್ಲಿ ಒಳ ಲಂಡನ್ನಿನ ಶಿಕ್ಷಣ ಪ್ರಾಧಿಕಾರದಲ್ಲಿ, ಬೇರೆ ಬೇರೆ ಜನಾಂಗದ ಮಕ್ಕಳ ಕಲಿಕೆ ನೋಡುವ ಇನ್‌ಸ್ಪೆಕ್ಟರುಗಳ ತಂಡ ಸೇರಿದರು. ಕೆರಿಬಿಯನ್ ಶಿಕ್ಷಕರ ಸಂಘವನ್ನು ಮುನ್ನಡೆಸಿ, ಹಿಂದೆ ಬಂದವರನ್ನು ಕೈಹಿಡಿದು ಮೇಲೆತ್ತಿದರು. 2020ರಲ್ಲಿ ಸಿ.ಬಿ.ಇ. ಎಂಬ ಬ್ರಿಟನ್ನಿನ ದೊಡ್ಡ ಗೌರವ ಸಿಕ್ಕಿತು. 2021ರ ಜನವರಿಯಲ್ಲಿ ತೀರಿಕೊಂಡರು. ಅವರ ಆ ಸಂಘ ನೆನೆದಾಗ ಅನಿಸುತ್ತೆ, ಇಲ್ಲಿ ನಮ್ಮವರ ಕೂಟಗಳಲ್ಲಿ ಯುಗಾದಿ, ರಾಜ್ಯೋತ್ಸವ, ಬಿಸಿಬೇಳೆಬಾತ್ ಎಲ್ಲಾ ಇದೆ. ಟೀಚರುಗಳು ಒಟ್ಟಿಗೆ ಕೂತು ಕೆಲಸದ ಮಾತಾಡೋದು ಮಾತ್ರ ಕಡಿಮೆ.

ಇನ್ನು ನಿಮ್ಮ ಬಿ.ಎಡ್. ವಿಷಯ. ಇಲ್ಲಿ ಶಿಕ್ಷಕರಿಗೆ ಕ್ಯೂ.ಟಿ.ಎಸ್. (ಕ್ವಾಲಿಫೈಡ್ ಟೀಚರ್ ಸ್ಟೇಟಸ್) ಅಂತ ಅರ್ಹತೆ ಬೇಕು. 2023ರಲ್ಲಿ ಇನ್ನಷ್ಟು ದೇಶಗಳ ತರಬೇತಾದ ಶಿಕ್ಷಕರು ಅದಕ್ಕೆ ನೇರವಾಗಿ ಅರ್ಜಿ ಹಾಕಲು ಅವಕಾಶ ಕೊಟ್ಟರು. ಆ ಪಟ್ಟಿಯಲ್ಲಿ ಭಾರತವೂ ಇದೆ, ಜಮೈಕಾವೂ ಇದೆ. ನಮ್ಮ ಕಡೆಯವರಿಗೆ ಗಣಿತ, ವಿಜ್ಞಾನ, ಭಾಷೆಗಳಿಗೆ ಅಂತ ಇಟ್ಟರು, ಹೈಸ್ಕೂಲ್ ವಯಸ್ಸಿನ ಮಕ್ಕಳಿಗೆ. ನಿಮಗೆ ಸರಿಯಾಗಿ ಹೊಂದುತ್ತೆ. ಅದರಲ್ಲೂ ಫಿಸಿಕ್ಸ್ ಟೀಚರುಗಳಿಗೆ ಇಲ್ಲಿ ಬರ. ನಿಯಮ ಆಗಾಗ ಬದಲಾಗುತ್ತೆ, ಸರ್ಕಾರದ ಜಾಲತಾಣದಲ್ಲೇ ನೋಡಿಕೊಳ್ಳಿ, ಏಜೆಂಟರಿಗೆ ದುಡ್ಡು ಸುರಿಯಬೇಡಿ.

ಹಾಸನ ಬಿಡುವ ಮೊದಲು ಡಿಗ್ರಿ, ಬಿ.ಎಡ್. ಎರಡರ ಅಂಕಪಟ್ಟಿ, ಟ್ರಾನ್ಸ್‌ಕ್ರಿಪ್ಟ್, ಶಾಲೆಯ ಅನುಭವ ಪತ್ರ, ಪೊಲೀಸ್ ಕ್ಲಿಯರೆನ್ಸ್ ಎಲ್ಲಾ ಕೈಯಲ್ಲಿರಲಿ. ಇಲ್ಲಿ ಕೂತು ಯೂನಿವರ್ಸಿಟಿಯಿಂದ ಕಾಗದ ತರಿಸೋದು ದೊಡ್ಡ ತಲೆನೋವು. ಬಂದು ಮನೆ ಹಿಡಿದ ಮೇಲೆ ಒಂದು ಫೋನ್ ಮಾಡಿ. ಭಾನುವಾರ ಊಟಕ್ಕೆ ಬನ್ನಿ, ಅರ್ಜಿ ಒಟ್ಟಿಗೆ ತುಂಬೋಣ.