ಪುಣ್ಯಕೋಟಿ ಹೇಳಿ ಹೋದದ್ದು

ಅಮ್ಮನನ್ನೋ ಅಪ್ಪನನ್ನೋ ಕಳೆದುಕೊಂಡ ಮಕ್ಕಳನ್ನು ಕಥೆಯ ಮೂಲಕ ಸಮಾಲೋಚನೆಗೆಂದು ನನ್ನ ಬಳಿ ಕರೆತರುವವರು ಸಾಮಾನ್ಯವಾಗಿ ಒಂದು ಮಾತು ಸೇರಿಸುತ್ತಾರೆ: “ಬೇಸರದ ಕಥೆ ಮಾತ್ರ ಬೇಡ, ಏನಾದರೂ ನಗುವಂಥದ್ದು ಹೇಳಿ.” ನಾನು ಇದಕ್ಕೆ ಒಪ್ಪುವುದಿಲ್ಲ. ಯಾಕೆಂದು ತಿಳಿಸಲು ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.

ಮಂಜೇಶ್ವರ ಕಡೆಯ ಹಳ್ಳಿ. ಹುಡುಗಿಗೆ ಏಳು ವರ್ಷ, ಕನ್ನಡ ಮಾಧ್ಯಮದಲ್ಲಿ ಎರಡನೇ ತರಗತಿ. ಅಪ್ಪ ಗಲ್ಫಿನಲ್ಲಿ, ಎರಡು ವರ್ಷಕ್ಕೊಮ್ಮೆ ಊರಿಗೆ. ಅಮ್ಮನನ್ನು ಮದ್ದಿಗೆಂದು ಮಂಗಳೂರಿಗೆ ಕರೆದೊಯ್ದರು, ಅಲ್ಲಿಯೇ ತೀರಿಕೊಂಡರು. ಬೊಜ್ಜದ (ಉತ್ತರಕ್ರಿಯೆಯ) ದಿನ ಮಗುವನ್ನು ನೆರೆಮನೆಯಲ್ಲಿ ಬಿಟ್ಟಿದ್ದರು. “ಅಮ್ಮ ದೇವರ ಹತ್ತಿರ ಹೋಗಿದ್ದಾರೆ” ಎಂದಷ್ಟೇ ಹೇಳಿದ್ದು. ಐದು ತಿಂಗಳಾದರೂ ಹಾಸಿಗೆ ಒದ್ದೆ, ಶಾಲೆಯಲ್ಲಿ ಮಾತಿಲ್ಲ, ರಾತ್ರಿ ಪುಣ್ಯಕೋಟಿಯ ಕಥೆಯೇ ಆಗಬೇಕು. ಹಸು ಕರುವಿಗೆ ವಿದಾಯ ಹೇಳುವಲ್ಲಿ ಅಳು. ಅದಕ್ಕಾಗಿ ಅಜ್ಜಿ ಆ ಭಾಗವನ್ನು ಹಾರಿಸಿ, ಹುಲಿ ಸತ್ತಿತು, ಪುಣ್ಯಕೋಟಿ ಮನೆಗೆ ಬಂತು ಎಂದು ಬೇಗ ಮುಗಿಸತೊಡಗಿದರು. ಅಳು ಹೆಚ್ಚಿತು.

ಮೂರನೇ ಭೇಟಿಯಲ್ಲಿ ಕಥೆಯನ್ನು ಏನೂ ಬಿಡದೆ ಓದಿದೆ. ಅಜ್ಜಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದೆ. ಪುಸ್ತಕದ ಮೇಲೆ ಅಂಗೈ ಇಟ್ಟರೆ ನಾನು ನಿಲ್ಲಿಸಬೇಕು ಎಂದು ಮೊದಲೇ ಹುಡುಗಿಯ ಜತೆ ಒಪ್ಪಂದ. ಕರುವನ್ನು ನೋಡಿಕೊಳ್ಳಿ, ಎದುರು ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಪುಣ್ಯಕೋಟಿ ಉಳಿದ ಹಸುಗಳಿಗೆ ಹೇಳುತ್ತದಲ್ಲ, ಅಲ್ಲಿ ಅಂಗೈ ಬಿತ್ತು. “ನಿನಗೆ ಅಮ್ಮನ ನೆನಪಾಯಿತಾ?” ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಮಕ್ಕಳು ಬಾಯಿ ಮುಚ್ಚುತ್ತಾರೆ. “ಕರು ಈಗ ಏನು ಯೋಚನೆ ಮಾಡ್ತಾ ಉಂಟು?” ಎಂದೆ. ಅಜ್ಜಿ ಏನೋ ಹೇಳಹೊರಟರು, ಕೈಸನ್ನೆ ಮಾಡಿ ತಡೆದೆ. ಒಂದು ನಿಮಿಷಕ್ಕೂ ಹೆಚ್ಚು ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗಿ ಹೇಳಿದಳು: “ಪುಣ್ಯಕೋಟಿ ಕರುವಿಗೆ ಹೇಳಿ ಹೋದದ್ದು. ನನಗೆ ಯಾರೂ ಹೇಳ್ಲಿಲ್ಲ.”

ಎಲ್ಲರೂ ಹುಲಿಯ ಹೆದರಿಕೆ ಎಂದುಕೊಂಡಿದ್ದರು. ಅವಳು ಮತ್ತೆ ಮತ್ತೆ ಕೇಳಬಯಸಿದ್ದು ವಿದಾಯದ ಭಾಗವನ್ನು, ಮನೆಯವರು ಕಿತ್ತುಕೊಂಡದ್ದೂ ಅದನ್ನೇ. ಬದಲಿಗೆ ಕೊಟ್ಟದ್ದು ಹಸು ಮರಳಿ ಬರುವ ಭಾಗ. ಆ ಕಥೆಯಲ್ಲಿ ಅವಳ ಪಾಲಿಗೆ ಸುಳ್ಳಾದದ್ದು ಅದೊಂದೇ. ಅಲ್ಲದೆ, ಗಲ್ಫಿಗೆ ಹೋದ ಅಪ್ಪ ಬರುತ್ತಾರೆ. ಆ ಮನೆಯಲ್ಲಿ ‘ಹೋಗಿದ್ದಾರೆ’ ಎಂದರೆ ಬರುತ್ತಾರೆ ಎಂದೇ ಅರ್ಥ. ಅಮ್ಮ ಮಾತ್ರ ಯಾಕೆ ಬರುತ್ತಿಲ್ಲ, ತಾನೇನು ತಪ್ಪು ಮಾಡಿದೆ ಎಂದು ಮಗು ಒಳಗೊಳಗೇ ಲೆಕ್ಕ ಹಾಕುತ್ತದೆ.

ಅಜ್ಜಿಗೆ ಹೇಳಿಕೊಟ್ಟ ಮಾತುಗಳು ಇಷ್ಟೇ: “ಅಮ್ಮ ತೀರಿಕೊಂಡಿದ್ದಾರೆ. ಅವರ ಶರೀರ ಕೆಲಸ ಮಾಡುವುದನ್ನು ನಿಲ್ಲಿಸಿತು. ಇನ್ನು ಬರುವುದಿಲ್ಲ. ಇದು ನಿನ್ನಿಂದ ಆದದ್ದಲ್ಲ. ಮೊದಲೇ ಹೇಳದ್ದು ನಮ್ಮ ತಪ್ಪು.” ‘ಮಲಗಿದ್ದಾರೆ’ ಎನ್ನಬಾರದು, ಮಗು ನಿದ್ದೆಗೇ ಹೆದರುತ್ತದೆ. ದೇವರ ಮಾತು ಮನೆಯ ನಂಬಿಕೆ, ಅದನ್ನು ನಾನು ಬೇಡವೆನ್ನಲಿಲ್ಲ. ಸಾವಿನ ಮಾತು ಹೇಳಿದ ಮೇಲೆ ಬರಲಿ ಎಂದೆ.

ಅಪ್ಪನ ಫೋನು ಬಂತು, ಸಿಟ್ಟಿನಲ್ಲಿದ್ದರು. ಇಷ್ಟು ಚಿಕ್ಕ ಮಗುವಿಗೆ ಇದೆಲ್ಲ ಹೇಳುವುದೇ? ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ 1948ರಲ್ಲಿ ಪ್ರಕಟವಾದ ಮನಶ್ಶಾಸ್ತ್ರಜ್ಞೆ ಮರಿಯಾ ನಾಜ್ ಅವರ ಹಂಗೇರಿ ಮಕ್ಕಳ ಅಧ್ಯಯನದಿಂದ ಈಚೆಗೆ ಇದು ಹಲವು ಬಾರಿ ಕಂಡುಬಂದ ಸಂಗತಿ: ಐದರೊಳಗಿನ ಮಕ್ಕಳು ಸತ್ತವರು ತಿರುಗಿ ಬರಬಹುದು ಎಂದುಕೊಳ್ಳುತ್ತಾರೆ, ಐದರಿಂದ ಏಳರ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲವೆಂದು ತಿಳಿಯತೊಡಗುತ್ತದೆ. ಅವಳಿಗೆ ಅರೆಬರೆ ಗೊತ್ತಿತ್ತು. ಗೊತ್ತಿರುವುದನ್ನು ಒಬ್ಬಳೇ ಹೊತ್ತುಕೊಂಡಿದ್ದಳು. ನೀವು ಬರುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಅವಳ ಕೈಯಿಂದಲೇ ಗುರುತು ಮಾಡಿಸಿ ಎಂದೆ. ಟಿಕೆಟ್ ಖಚಿತವಾಗುವ ಮೊದಲು ಬೇಡ.

ಕಥೆ ಹೇಳುವ ಕ್ರಮವನ್ನೂ ಬದಲಿಸಿದೆವು. ಮಲಗುವ ಹೊತ್ತಿಗಲ್ಲ, ಸಂಜೆ ದೀಪ ಹಚ್ಚಿದ ಮೇಲೆ, ಹದಿನೈದು ನಿಮಿಷ. ಆಮೇಲೆ ಊಟ, ಆಟ. ಅತ್ತರೆ ನಿಲ್ಲಿಸಿ ಕಾಯುವುದು; “ಅಳಬೇಡ” ಎನ್ನುವುದಿಲ್ಲ. ಹೇಳುವವರ ಕಣ್ಣು ತುಂಬಿದರೆ ಅಡಗಿಸುವುದೂ ಬೇಡ. ಅಂತ್ಯವನ್ನು ತಿದ್ದಬಾರದು. “ಕಥೆಯಲ್ಲಿ ಬಂತು, ನಮ್ಮಲ್ಲಿ ಬರುವುದಿಲ್ಲ” ಎಂದು ಒಂದೇ ವಾಕ್ಯದಲ್ಲಿ ಹೇಳಿ ಸುಮ್ಮನಿರಬೇಕು.

ಇನ್ನೊಂದು ಕೆಲಸ ಹಟ್ಟಿಯ ಚಿತ್ರ. ಇನ್ನು ಯಾರ ಹಾಲು ಕುಡಿಯಲಿ, ಯಾರ ಬಳಿ ಮಲಗಲಿ ಎಂದು ಕರು ಕೇಳುತ್ತದೆ. ಹುಡುಗಿ ಚಿತ್ರದಲ್ಲಿ ನಾಲ್ಕು ಹಸು ಬರೆದು ಒಂದೊಂದಕ್ಕೆ ಹೆಸರಿಡಬೇಕು: ಬೆಳಿಗ್ಗೆ ಜಡೆ ಹಾಕುವವರು ಯಾರು, ರಾತ್ರಿ ಪಕ್ಕದಲ್ಲಿ ಮಲಗುವವರು ಯಾರು, ಶಾಲೆಯ ಸಭೆಗೆ ಬರುವವರು ಯಾರು, ಜ್ವರ ಬಂದರೆ ಎಬ್ಬಿಸಬೇಕಾದ್ದು ಯಾರನ್ನು. ಹೆಸರು ಬಂದವರಿಂದ ಆ ಕೆಲಸ ನಿಜಕ್ಕೂ ಆಗುತ್ತದೆಯೇ ಎಂದು ಅವಳೆದುರೇ ಕೇಳಿದೆ. ‘ನಾವೆಲ್ಲ ಇದ್ದೇವೆ’ ಎಂಬ ಮಾತಿನಿಂದ ಮಗುವಿಗೆ ಏನೂ ಸಿಗುವುದಿಲ್ಲ.

“ನಾನೂ ಅಮ್ಮನ ಹತ್ತಿರ ಹೋಗ್ತೇನೆ” ಎಂದು ಮಗು ಹೇಳಿದರೆ ಗದರಬೇಡಿ. ಬಹಳಷ್ಟು ಸಲ ಅದು ‘ದೇವರ ಹತ್ತಿರ’ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಂಡದ್ದು. ಆದರೂ ಹೇಗೆ ಹೋಗುತ್ತೀ ಎಂದು ನೇರವಾಗಿ ಕೇಳಿ. ಸಾಯುವ ಮಾತು ಬಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಸಿಗುತ್ತದೆ.

ಹಾಸಿಗೆ ಒದ್ದೆಯಾಗುವುದು ಈಗ ವಾರಕ್ಕೆ ಒಮ್ಮೆಗೆ ಇಳಿದಿದೆ. ಹಟ್ಟಿಯಲ್ಲಿ ಮೂರು ಹಸುಗಳಿಗೆ ಹೆಸರು ಬಂದಿದೆ. ಜ್ವರದ ಹಸುವಿಗೆ ಅವಳು ಹೆಸರು ಬರೆದಿಲ್ಲ. ತಾನೇ ಬರೆದುಬಿಡಲೇ ಎಂದು ಚಿಕ್ಕಮ್ಮ ಕೇಳಿದರು. ಬೇಡ ಎಂದೆ, ಪೆನ್ಸಿಲ್ ಅವಳ ಕೈಯಲ್ಲೇ ಇರಲಿ.