ಮುಳುಗಿದ ಧ್ವನಿ, ಬಾಗುವ ಶ್ರುತಿ: ‘ಲವ್‌ಲೆಸ್’ ಆಲ್ಬಮ್ ಕುರಿತು ಓದುಗರ ಪ್ರಶ್ನೆಗಳು

ಮೈ ಬ್ಲಡಿ ವ್ಯಾಲೆಂಟೈನ್ ತಂಡದ ‘ಲವ್‌ಲೆಸ್’ ಆಲ್ಬಮ್ 1991ರ ನವೆಂಬರ್ 4ರಂದು ಬ್ರಿಟನ್ನಿನಲ್ಲಿ ಬಿಡುಗಡೆಯಾಯಿತು. ಗಿಟಾರಿನ ದಟ್ಟವಾದ ನಾದದೊಳಗೆ ಹಾಡುವವರ ಧ್ವನಿಯನ್ನು ಕರಗಿಸಿಬಿಡುವ ‘ಶೂಗೇಜ್’ ಎಂಬ ರಾಕ್ ಪ್ರಕಾರದ ಮಾತು ಬಂದಾಗ ಮೊದಲು ಕೇಳಿಬರುವುದು ಈ ಆಲ್ಬಮ್ಮಿನ ಹೆಸರೇ. ಇದನ್ನು ಕೇಳಿದ ಓದುಗರ ಪತ್ರಗಳಲ್ಲಿ ಮನಸಾರೆ ಮೆಚ್ಚಿದವರೂ ಇದ್ದಾರೆ, ಅರ್ಧಕ್ಕೇ ನಿಲ್ಲಿಸಿದವರೂ ಇದ್ದಾರೆ. ಎರಡೂ ಬಗೆಯವರು ಕೇಳಿರುವ ಕೆಲವು ಪ್ರಶ್ನೆಗಳಿಗೆ ಈ ಬಾರಿ ಉತ್ತರಿಸಿದ್ದೇನೆ.

ಪ್ರಶ್ನೆ: ಇದು ಶ್ರೇಷ್ಠ ಆಲ್ಬಮ್ ಎಂದು ಹಲವು ಕಡೆ ಓದಿ ಆಸೆಯಿಂದ ಕೇಳಿದೆ. ಹಾಡುವವರು ಏನು ಹಾಡುತ್ತಿದ್ದಾರೆಂದು ಒಂದು ಸಾಲೂ ತಿಳಿಯಲಿಲ್ಲ. ಧ್ವನಿ ಎಲ್ಲೋ ಗೋಡೆಯ ಆಚೆಯಿಂದ ಬಂದಂತಿದೆ. ಇದು ಧ್ವನಿಮುದ್ರಣದ ದೋಷವೇ, ಇಲ್ಲವೇ ನನ್ನ ಕಿವಿಯ ದೋಷವೇ?

ಉತ್ತರ: ಎರಡೂ ಅಲ್ಲ. ನಿಮಗೆ ಕೇಳಿಸಿದ್ದು ಸರಿಯಾಗಿಯೇ ಕೇಳಿಸಿದೆ. ಈ ಆಲ್ಬಮ್ಮನ್ನು ಮೆಚ್ಚದ ಕೇಳುಗರಲ್ಲಿ ಬಹುಮಂದಿ ಹೇಳುವ ಮೊದಲ ಆಕ್ಷೇಪ ನಿಮ್ಮದೇ. ವಿಚಿತ್ರವೆಂದರೆ, ಮೆಚ್ಚಿದವರು ಮೊದಲು ಹೊಗಳುವುದೂ ಇದೇ ಗುಣವನ್ನು. ಇಬ್ಬರೂ ಒಂದೇ ಸಂಗತಿಯನ್ನು ಗುರುತಿಸಿರುವುದರಿಂದ, ಆ ಸಂಗತಿ ಆಕಸ್ಮಿಕವಲ್ಲ, ಉದ್ದೇಶಪೂರ್ವಕವಾದದ್ದು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ.

ಸಾಮಾನ್ಯವಾಗಿ ಜನಪ್ರಿಯ ಹಾಡಿನ ಮಿಶ್ರಣದಲ್ಲಿ ಹಾಡುವವರ ಧ್ವನಿ ಎಲ್ಲಕ್ಕಿಂತ ಮುಂದೆ ಇರುತ್ತದೆ, ವಾದ್ಯಗಳು ಅದಕ್ಕೆ ದಾರಿ ಬಿಟ್ಟು ಹಿಂದೆ ಸರಿದಿರುತ್ತವೆ. ನಮ್ಮ ಕಿವಿ ಆ ಕ್ರಮಕ್ಕೆ ಎಷ್ಟು ಒಗ್ಗಿದೆಯೆಂದರೆ, ಧ್ವನಿ ಮುಂದಿಲ್ಲದಿದ್ದರೆ ಏನೋ ಕೆಟ್ಟಿದೆ ಎಂದೇ ಅನಿಸುತ್ತದೆ. ‘ಲವ್‌ಲೆಸ್’ನ ನಿರ್ಮಾಣದ ಹೊಣೆ ಹೊತ್ತಿದ್ದ, ತಂಡದ ಗಿಟಾರ್ ವಾದಕ ಹಾಗೂ ಗಾಯಕ ಕೆವಿನ್ ಶೀಲ್ಡ್ಸ್ ಈ ಕ್ರಮವನ್ನು ಬೇಕೆಂದೇ ಕೈಬಿಟ್ಟರು. ಅವರ ಮತ್ತು ತಂಡದ ಗಾಯಕಿ ಬಿಲಿಂಡಾ ಬುಚರ್ ಅವರ ಧ್ವನಿಗಳು ಗಿಟಾರಿನ ಮಟ್ಟದಲ್ಲೇ, ಕೆಲವೆಡೆ ಅದಕ್ಕಿಂತಲೂ ಕೆಳಗೆ ನಿಲ್ಲುತ್ತವೆ. ಒಂದೇ ಸಾಲನ್ನು ಹಲವು ಬಾರಿ ಹಾಡಿ ಒಂದರ ಮೇಲೊಂದು ಸೇರಿಸಿದ್ದರಿಂದ ಉಚ್ಚಾರಣೆಯ ಅಂಚುಗಳೂ ಸವೆದುಹೋಗಿವೆ. ‘ವೆನ್ ಯು ಸ್ಲೀಪ್’ ಹಾಡನ್ನು ಶೀಲ್ಡ್ಸ್ ಹತ್ತಕ್ಕೂ ಹೆಚ್ಚು ಬಾರಿ ಹಾಡಿ, ಯಾವುದು ಉತ್ತಮವೆಂದು ಆರಿಸುವ ಬದಲು ಎಲ್ಲವನ್ನೂ ಒಟ್ಟಿಗೆ ಬಳಸಿದರು. ಬುಚರ್ ಅವರ ಎಷ್ಟೋ ಹಾಡುಗಾರಿಕೆಯನ್ನು, ಅವರು ಆಗಷ್ಟೇ ನಿದ್ದೆಯಿಂದ ಎದ್ದಿದ್ದ ಬೆಳಗಿನ ಹೊತ್ತಿನಲ್ಲಿ ಮುದ್ರಿಸಲಾಯಿತು. ಆ ಅರೆನಿದ್ದೆಯ ಮೃದುತ್ವ ನಟನೆಯಿಂದ ಬಂದದ್ದಲ್ಲ.

ಹಾಗೆಂದು ಸಾಹಿತ್ಯವನ್ನು ಅವರು ಅಸಡ್ಡೆಯಿಂದ ಬರೆದರೆಂದು ತಿಳಿಯಬಾರದು. ಧ್ವನಿಮುದ್ರಣಕ್ಕೆ ಮುನ್ನ ಇಬ್ಬರೂ ರಾತ್ರಿಯೆಲ್ಲ ಕುಳಿತು ಗಂಟೆಗಟ್ಟಲೆ ಸಾಲುಗಳನ್ನು ತಿದ್ದುತ್ತಿದ್ದರು. ಹಾಡುವಾಗ ತಂತ್ರಜ್ಞರು ಸಹ ಕೇಳಬಾರದೆಂದು ನಿಯಂತ್ರಣ ಕೊಠಡಿಯ ಕಿಟಕಿಗೆ ಪರದೆ ಹಾಕಿಸುತ್ತಿದ್ದರು. ಅಷ್ಟು ಶ್ರದ್ಧೆಯಿಂದ ಬರೆದದ್ದನ್ನು ಹೀಗೆ ಮುಳುಗಿಸಿದ್ದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬರೆದ ಭಾವ ಹಾಡುವವರ ಗಂಟಲಿನಲ್ಲಿ ಉಳಿದರೆ ಸಾಕು, ಪದಗಳು ಕೇಳುಗರನ್ನು ತಲುಪಲೇಬೇಕೆಂದಿಲ್ಲ ಎಂಬ ನಂಬಿಕೆ ಈ ಆಲ್ಬಮ್ಮಿನಲ್ಲಿದೆ ಎಂದು ನಾನು ಭಾವಿಸುತ್ತೇನೆ. ನೀವು ಮುಂದಿನ ಬಾರಿ ಕೇಳುವಾಗ ಪದಗಳನ್ನು ಹಿಡಿಯುವ ಪ್ರಯತ್ನವನ್ನು ಬಿಟ್ಟು, ಧ್ವನಿಯ ಏರಿಳಿತವನ್ನು ಮಾತ್ರ ಹಿಂಬಾಲಿಸಿ ನೋಡಿ. ‘ಬ್ಲೋನ್ ಎ ವಿಶ್’ ಹಾಡಿನಲ್ಲಿ ಇದು ಎಲ್ಲಕ್ಕಿಂತ ಸುಲಭ, ಏಕೆಂದರೆ ಅಲ್ಲಿನ ಧಾಟಿ ಬಹಳ ಸರಳವೂ ಇಂಪಾದದ್ದೂ ಆಗಿದೆ. ಅದಾದ ಮೇಲೂ ನಿಮಗೆ ಇಷ್ಟವಾಗದಿದ್ದರೆ ಅದು ನಿಮ್ಮ ಅಭಿರುಚಿ. ಸ್ಪಷ್ಟವಾದ ಪದಗಳಿಲ್ಲದ ಹಾಡು ನನಗೆ ಬೇಡ ಎನ್ನುವ ಹಕ್ಕು ಕೇಳುಗರಿಗೆ ಇದ್ದೇ ಇದೆ.

ಪ್ರಶ್ನೆ: ಪ್ರತಿ ಹಾಡಿಗೂ ನೂರಾರು ಗಿಟಾರುಗಳನ್ನು ಒಂದರ ಮೇಲೊಂದು ಮುದ್ರಿಸಿದ್ದಾರೆ ಎಂದು ನನ್ನ ಗೆಳೆಯ ಹೇಳುತ್ತಾನೆ. ಶ್ರುತಿ ಓಲಾಡುವುದನ್ನು ಕೇಳಿದರೆ ಟೇಪು ಎಳೆದುಹೋಗಿದೆ ಎಂದು ನನಗನಿಸುತ್ತದೆ. ನಿಜ ಯಾವುದು?

ಉತ್ತರ: ನಿಮ್ಮ ಗೆಳೆಯರ ಅಭಿಪ್ರಾಯ ಬಹಳ ಮಂದಿಯದು, ಆದರೆ ಶೀಲ್ಡ್ಸ್ ಅದನ್ನು ಮತ್ತೆ ಮತ್ತೆ ಅಲ್ಲಗಳೆದಿದ್ದಾರೆ. ಜನರು ಊಹಿಸುವುದಕ್ಕಿಂತ ಬಹಳ ಕಡಿಮೆ ಗಿಟಾರ್ ಪದರಗಳು ಇಲ್ಲಿವೆ. ಒಂದೇ ಗಿಟಾರು ಹತ್ತು ಗಿಟಾರುಗಳಂತೆ ಕೇಳಿಸುವುದಕ್ಕೆ ಕಾರಣ ಎರಡು ಉಪಾಯಗಳು.

ಮೊದಲನೆಯದು ಕೈಯ ಕೆಲಸ. ಫೆಂಡರ್ ಕಂಪನಿಯ ಜಾಝ್‌ಮಾಸ್ಟರ್ ಮತ್ತು ಜಾಗ್ವಾರ್ ಗಿಟಾರುಗಳಲ್ಲಿ ತಂತಿಗಳ ಬಿಗಿತವನ್ನು ತುಸು ಸಡಿಲಿಸಿ ಬಿಗಿಗೊಳಿಸಬಲ್ಲ ಟ್ರೆಮೊಲೊ ಎಂಬ ಲೋಹದ ಹಿಡಿಯೊಂದು ಇರುತ್ತದೆ. ಇತರರು ಅದನ್ನು ಸ್ವರವೊಂದರ ಕೊನೆಗೆ ಅಲಂಕಾರವಾಗಿ ಬಳಸುತ್ತಾರೆ. 1988ರ ಸುಮಾರಿನಿಂದ ಶೀಲ್ಡ್ಸ್ ಆ ಹಿಡಿಯನ್ನು ಅಂಗೈಯಲ್ಲೇ ಇಟ್ಟುಕೊಂಡು ತಂತಿಗಳನ್ನು ಮೀಟಲು ಆರಂಭಿಸಿದರು. ಇದರಿಂದ ಪ್ರತಿ ಮೀಟಿಗೂ ಇಡೀ ಸ್ವರಗುಚ್ಛವೇ ಶ್ರುತಿಯಿಂದ ಸ್ವಲ್ಪ ಜಾರಿ ಮತ್ತೆ ಮೇಲೇರುತ್ತದೆ. ನಿಮಗೆ ಟೇಪು ಎಳೆದಂತೆ ಕೇಳಿಸಿದ್ದು ಈ ಕೈಚಲನೆಯೇ. ಎಲ್ಲ ತಂತಿಗಳೂ ಒಟ್ಟಿಗೆ ಬಾಗುವುದರಿಂದ ಸ್ವರವೊಂದು ನಿಂತ ಜಾಗದಲ್ಲೇ ಅಗಲವಾದಂತೆ ಕೇಳುತ್ತದೆ, ಅದನ್ನೇ ಕಿವಿ ಹಲವು ಗಿಟಾರುಗಳೆಂದು ಎಣಿಸಿಕೊಳ್ಳುತ್ತದೆ.

ಎರಡನೆಯದು ಯಂತ್ರದ ನೆರವು. ಸಾಮಾನ್ಯ ಪ್ರತಿಧ್ವನಿಯು ಸ್ವರ ಹುಟ್ಟಿದ ಮೇಲೆ ನಿಧಾನವಾಗಿ ಕ್ಷೀಣಿಸುತ್ತದೆ. ಯಮಾಹ ಎಸ್‌ಪಿಎಕ್ಸ್90 ಎಂಬ ಉಪಕರಣದಲ್ಲಿದ್ದ ಹಿಮ್ಮುಖ ಪ್ರತಿಧ್ವನಿಯ ಸೌಲಭ್ಯವು ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ: ಪ್ರತಿಧ್ವನಿ ಸಣ್ಣದಾಗಿ ಆರಂಭವಾಗಿ ಉಬ್ಬುತ್ತ ಹೋಗುತ್ತದೆ. ಮೀಟಿದ ಕ್ಷಣದ ಚುರುಕು ಅಳಿಸಿಹೋಗಿ, ಸ್ವರ ಯಾವಾಗ ಹುಟ್ಟಿತೆಂದೇ ತಿಳಿಯದ ಹಾಗಾಗುತ್ತದೆ. ‘ಓನ್ಲಿ ಶ್ಯಾಲೋ’ ಹಾಡಿಗಾಗಿ ಅವರು ಎರಡು ಆಂಪ್ಲಿಫೈಯರುಗಳನ್ನು ಎದುರುಬದುರಾಗಿ ಇರಿಸಿ, ಒಂದೊಂದರ ಕಂಪನದ ವೇಗವನ್ನೂ ಬೇರೆಬೇರೆಯಾಗಿ ಹೊಂದಿಸಿ, ನಡುವೆ ಮೈಕ್ರೊಫೋನ್ ಇಟ್ಟು ಮುದ್ರಿಸಿದರು. ಇಷ್ಟೆಲ್ಲ ಇದ್ದರೂ ಗಿಟಾರಿನ ನಾದವನ್ನು ಹಿಗ್ಗಿಸಲು ಆ ಕಾಲದಲ್ಲಿ ಎಲ್ಲರೂ ಬಳಸುತ್ತಿದ್ದ ಕೋರಸ್ ಪರಿಣಾಮವನ್ನು ಅವರು ಮುಟ್ಟಲಿಲ್ಲ. ಈ ಸಂಯಮ ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ಮುಂದೆ ಇದೇ ನಾದವನ್ನು ಅನುಕರಿಸಲು ಹೊರಟ ಎಷ್ಟೋ ತಂಡಗಳು ಪದರಗಳನ್ನು ಪೇರಿಸುತ್ತ ಹೋಗಿ ಕೊನೆಗೆ ಬರೀ ಮಬ್ಬನ್ನು ಪಡೆದವು.

ಪ್ರಶ್ನೆ: ಡ್ರಮ್ಮುಗಳು ಸಪ್ಪೆಯಾಗಿ, ಯಂತ್ರದಂತೆ ಕೇಳಿಸುತ್ತವೆ. ಇಷ್ಟು ಶ್ರಮಪಟ್ಟವರು ಇದನ್ನೇಕೆ ಗಮನಿಸಲಿಲ್ಲ?

ಉತ್ತರ: ಗಮನಿಸದೆ ಬಿಟ್ಟದ್ದಲ್ಲ. ಡ್ರಮ್ ವಾದಕ ಕೋಮ್ ಓ ಕೀಸೋಗ್ ಅವರ ಆರೋಗ್ಯ ಆ ಅವಧಿಯಲ್ಲಿ ಕೆಟ್ಟಿದ್ದರಿಂದ, ಅವರು ನುಡಿಸಿದ ಹೊಡೆತಗಳ ತುಣುಕುಗಳನ್ನು ಜೋಡಿಸಿ ಹೆಚ್ಚಿನ ಹಾಡುಗಳ ಲಯವನ್ನು ಕಟ್ಟಲಾಯಿತು. ಎರಡು ಹಾಡುಗಳಲ್ಲಿ ಮಾತ್ರ ಅವರು ನೇರವಾಗಿ ನುಡಿಸಿದ್ದಾರೆ. ಒಂದು ನಿಮಿಷದ ಆಸುಪಾಸಿನ ‘ಟಚ್ಡ್’ ಎಂಬ ವಾದ್ಯಕೃತಿಯಂತೂ ಸಂಪೂರ್ಣವಾಗಿ ಅವರದೇ ರಚನೆ. ನಿಮ್ಮ ಟೀಕೆಯನ್ನು ನಾನು ಭಾಗಶಃ ಒಪ್ಪುತ್ತೇನೆ: ‘ಕಮ್ ಇನ್ ಅಲೋನ್’ನಲ್ಲಿರುವ ಕೈಯ ಬಿಸಿ ಉಳಿದ ಕೆಲವು ಹಾಡುಗಳಲ್ಲಿ ಇಲ್ಲ. ಆದರೆ ಕೊನೆಯ ಹಾಡಾದ ‘ಸೂನ್’ನಲ್ಲಿ ಆ ಪುನರಾವರ್ತನೆಯೇ ಬಲವಾಗಿದೆ. 1990ರಲ್ಲಿ ‘ಗ್ಲೈಡರ್’ ಎಂಬ ಕಿರು ಆಲ್ಬಮ್ಮಿನಲ್ಲಿ ಮೊದಲು ಬಂದ ಆ ಹಾಡು, ಬ್ರಿಟನ್ನಿನ ಆಗಿನ ನೃತ್ಯಸಂಗೀತದ ಲಯವನ್ನು ಗಿಟಾರಿನೊಂದಿಗೆ ಕೂಡಿಸಿತು.

ಪ್ರಶ್ನೆ: ಈ ಆಲ್ಬಮ್ಮಿನ ಖರ್ಚಿನಿಂದ ಅದನ್ನು ಹೊರತಂದ ಕಂಪನಿಯೇ ದಿವಾಳಿಯಾಯಿತಂತೆ, ಹೌದೇ?

ಉತ್ತರ: ಪೂರ್ತಿ ನಿಜವಲ್ಲ. 1989ರ ಫೆಬ್ರವರಿಯಲ್ಲಿ ಆರಂಭವಾದ ಧ್ವನಿಮುದ್ರಣ ಕೆಲವೇ ದಿನಗಳಲ್ಲಿ ಮುಗಿಯುತ್ತದೆಂದು ಅಲನ್ ಮೆಕ್‌ಗೀ ಅವರ ಕ್ರಿಯೇಷನ್ ರೆಕಾರ್ಡ್ಸ್ ನಂಬಿತ್ತು. ಅದು ಸುಮಾರು 19 ಸ್ಟುಡಿಯೊಗಳನ್ನು ದಾಟಿ 1991ರವರೆಗೆ ಎಳೆಯಿತು. ಖರ್ಚು 2,50,000 ಪೌಂಡ್ ಎಂಬ ಲೆಕ್ಕ ಬಹುಕಾಲದಿಂದ ಓಡಾಡುತ್ತಿದೆ, ಶೀಲ್ಡ್ಸ್ ಅದನ್ನು ಒಪ್ಪಿಲ್ಲ. ಕಂಪನಿ ಆರ್ಥಿಕವಾಗಿ ಹಣ್ಣಾಗಿದ್ದದ್ದು ಮಾತ್ರ ಹೌದು. 1992ರಲ್ಲಿ ಅದು ತನ್ನ ಸುಮಾರು ಅರ್ಧ ಪಾಲನ್ನು ಸೋನಿಗೆ ಮಾರಿತು, ಮೈ ಬ್ಲಡಿ ವ್ಯಾಲೆಂಟೈನ್ ತಂಡವನ್ನು ಕೈಬಿಟ್ಟಿತು. ಆಲ್ಬಮ್ ಬ್ರಿಟಿಷ್ ಮಾರಾಟ ಪಟ್ಟಿಯಲ್ಲಿ 24ನೆಯ ಸ್ಥಾನದವರೆಗೆ ಮಾತ್ರ ಏರಿತ್ತು. ಈ ಕಥೆಯನ್ನು ಮೊದಲೇ ತಿಳಿದವರು ಆಲ್ಬಮ್ಮಿನಲ್ಲಿ ಹಣ ಎಲ್ಲಿ ಹೋಯಿತೆಂದು ಹುಡುಕುತ್ತಾರೆ, ಹಾಡುಗಳು ಕಿವಿ ತಪ್ಪುತ್ತವೆ. ಖರ್ಚಿನ ಲೆಕ್ಕವನ್ನು ಮರೆತು ಕೇಳುವುದೇ ಮೇಲು.

ಪ್ರಶ್ನೆ: ನನ್ನ ಮಟ್ಟಿಗೆ ಸ್ಲೋಡೈವ್ ತಂಡದ ‘ಸುವ್ಲಾಕಿ’ ಇದಕ್ಕಿಂತ ಮಿಗಿಲು. ಹೀಗೆ ಹೇಳಿದರೆ ಪಳಗಿದ ಕೇಳುಗರು ಒಪ್ಪುವುದಿಲ್ಲ. ನಿಮ್ಮ ಅಭಿಪ್ರಾಯವೇನು?

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು, ಏಕೆಂದರೆ ಕೇಳುಗರ ಅಭಿಪ್ರಾಯಕ್ಕೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ‘ಸುವ್ಲಾಕಿ’ಗಿಂತ ದೊಡ್ಡ ಸಾಕ್ಷಿ ಈ ಪ್ರಕಾರದಲ್ಲಿ ಮತ್ತೊಂದಿಲ್ಲ.

‘ಲವ್‌ಲೆಸ್’ ಬಂದಾಗ ಬ್ರಿಟನ್ನಿನ ಸಂಗೀತ ವಾರಪತ್ರಿಕೆಗಳು ಅದನ್ನು ಮೆಚ್ಚಿ ಬರೆದವು. 1993ರಲ್ಲಿ ‘ಸುವ್ಲಾಕಿ’ ಬರುವ ಹೊತ್ತಿಗೆ ಅವೇ ಪತ್ರಿಕೆಗಳಿಗೆ ಶೂಗೇಜ್ ಹಳಸಿತ್ತು. ಮೆಲಡಿ ಮೇಕರ್ ಪತ್ರಿಕೆಯ ವಿಮರ್ಶಕರು, ಈ ಆಲ್ಬಮ್ಮನ್ನು ಮತ್ತೆ ಕೇಳುವುದಕ್ಕಿಂತ ಗಂಜಿ ತುಂಬಿದ ತೊಟ್ಟಿಯಲ್ಲಿ ಉಸಿರುಗಟ್ಟಿ ಮುಳುಗುವುದೇ ಲೇಸು ಎಂಬರ್ಥದ ಮಾತು ಬರೆದರು. ಆಲ್ಬಮ್ ಬ್ರಿಟಿಷ್ ಪಟ್ಟಿಯ 51ನೆಯ ಸ್ಥಾನದಲ್ಲಿ ನಿಂತಿತು. 1995ರಲ್ಲಿ ಮೂರನೆಯ ಆಲ್ಬಮ್ ‘ಪಿಗ್ಮೇಲಿಯನ್’ ಬಂದ ಕೂಡಲೇ ಕ್ರಿಯೇಷನ್ ಕಂಪನಿ ತಂಡವನ್ನು ಕೈಬಿಟ್ಟಿತು, ತಂಡವೂ ಚದುರಿತು. ಅಲ್ಲಿಂದ ಮುಂದೆ ಆ ಆಲ್ಬಮ್ಮನ್ನು ಉಳಿಸಿದವರು ವಿಮರ್ಶಕರಲ್ಲ, ಒಬ್ಬರಿಂದೊಬ್ಬರಿಗೆ ಕೇಳಿಸುತ್ತ ಹೋದ ಸಾಮಾನ್ಯ ಕೇಳುಗರು. 2014ರಲ್ಲಿ ತಂಡ ಮತ್ತೆ ಒಂದಾಗಿ ವೇದಿಕೆಗೆ ಬಂದಾಗ ಎದುರಿಗಿದ್ದವರಲ್ಲಿ, ಆಲ್ಬಮ್ ಬಂದ ವರ್ಷ ಇನ್ನೂ ಹುಟ್ಟಿರದಿದ್ದವರೂ ಸೇರಿದ್ದರು. 2016ರಲ್ಲಿ ಪಿಚ್‌ಫೋರ್ಕ್ ಎಂಬ ಸಂಗೀತ ಜಾಲತಾಣ ಪ್ರಕಟಿಸಿದ ಶ್ರೇಷ್ಠ ಶೂಗೇಜ್ ಆಲ್ಬಮ್ಮುಗಳ ಪಟ್ಟಿಯಲ್ಲಿ ‘ಲವ್‌ಲೆಸ್’ ಮೊದಲನೆಯದು, ‘ಸುವ್ಲಾಕಿ’ ಎರಡನೆಯದು. ಆದ್ದರಿಂದ ನೀವು ಒಂಟಿಯೆಂದು ಭಾವಿಸಬೇಕಾಗಿಲ್ಲ.

ಎರಡರ ಗುಣ ಬೇರೆ. ‘ಸುವ್ಲಾಕಿ’ಯಲ್ಲಿ ತಂಡದ ಗಾಯಕರಾದ ನೀಲ್ ಹಾಲ್ಸ್ಟೆಡ್ ಮತ್ತು ರೇಚಲ್ ಗೊಸ್ವೆಲ್ ಅವರ ಅಗಲಿಕೆಯ ನೋವಿದೆ. ಬ್ರಿಟಿಷ್ ಸಂಗೀತಗಾರ ಬ್ರಯನ್ ಈನೊ ಎರಡು ಹಾಡುಗಳಿಗೆ ಕೀಬೋರ್ಡ್ ನುಡಿಸಿದ್ದಾರೆ. ಕೊನೆಯ ‘ಡ್ಯಾಗರ್’ ಹಾಡಿನಲ್ಲಿ ಪರಿಣಾಮಗಳನ್ನೆಲ್ಲ ಬದಿಗಿಟ್ಟು ಬರೀ ಗಿಟಾರು ಮತ್ತು ಧ್ವನಿಯಷ್ಟೇ ಉಳಿಯುತ್ತವೆ, ಆದರೂ ಹಾಡಿಗೆ ಏನೂ ಕೊರತೆಯಾಗುವುದಿಲ್ಲ. ಹಾಡು ಮೊದಲು, ನಾದ ಆಮೇಲೆ ಎನ್ನುವ ಕೇಳುಗರಿಗೆ ಅದು ಹತ್ತಿರವಾಗುವುದು ಸಹಜ. ‘ಲವ್‌ಲೆಸ್’ನಲ್ಲಿ ಈ ವಿಂಗಡಣೆ ಸಾಧ್ಯವಿಲ್ಲ. ‘ಟು ಹಿಯರ್ ನೋಸ್ ವೆನ್’ನಿಂದ ಆ ಓಲಾಡುವ ನಾದವನ್ನು ತೆಗೆದುಬಿಟ್ಟರೆ ಉಳಿಯುವುದು ಬೇರೆಯೇ ಒಂದು ಹಾಡು. ನನ್ನ ಒಲವು ‘ಲವ್‌ಲೆಸ್’ ಕಡೆಗೇ, ಕಾರಣವೂ ಇದೇ: ಹಾಡನ್ನು ಕಟ್ಟುವ ಬಗೆಯನ್ನೇ ಅದು ಹೊಸದಾಗಿ ಯೋಚಿಸಿತು. ಆದರೆ ಮನಸ್ಸು ಭಾರವಾದ ದಿನ ನನ್ನ ಕೈ ‘ಸುವ್ಲಾಕಿ’ಯತ್ತ ಹೋಗುವುದೂ ಉಂಟು.

ಪ್ರಶ್ನೆ: ನಾನು ಇದನ್ನು ಓದುವಾಗ ಹಿನ್ನೆಲೆಯಲ್ಲಿ, ಸಣ್ಣ ದನಿಯಲ್ಲಿ ಹಾಕಿಕೊಳ್ಳುತ್ತೇನೆ. ಜೋರಾಗಿಯೇ ಕೇಳಬೇಕೆಂದು ಕೆಲವರು ಒತ್ತಾಯಿಸುತ್ತಾರೆ. ಯಾವುದು ಸರಿ?

ಉತ್ತರ: ಆ ಒತ್ತಾಯ ತಂಡದ ವೇದಿಕೆ ಕಾರ್ಯಕ್ರಮಗಳ ಖ್ಯಾತಿಯಿಂದ ಬಂದದ್ದು. 2008ರಲ್ಲಿ ಅವರು ಮತ್ತೆ ಒಂದಾಗಿ ನುಡಿಸಿದಾಗ ಶಬ್ದ ಎಷ್ಟು ಜೋರಾಗಿತ್ತೆಂದರೆ, ಸಭಾಂಗಣದ ಬಾಗಿಲಲ್ಲೇ ಕೇಳುಗರಿಗೆ ಕಿವಿಗೆ ತುರುಕಿಕೊಳ್ಳುವ ಇಯರ್‌ಪ್ಲಗ್ ಹಂಚಲಾಗುತ್ತಿತ್ತು. ಆಲ್ಬಮ್ಮಿಗೆ ಅಷ್ಟು ಜೋರು ಬೇಕಿಲ್ಲ. ಇಯರ್‌ಫೋನಿನಲ್ಲಿ ಕಿವಿಗೆ ನೋವಾಗುವಷ್ಟು ಏರಿಸಿದರೆ ಕೆಳಗಿನ ಪದರಗಳು ಕಲಸಿಹೋಗುತ್ತವೆ, ಕೇಳುವ ಶಕ್ತಿಗೂ ಹಾನಿ. ಮಧ್ಯಮ ಮಟ್ಟದಲ್ಲಿ, ಬೇರೆ ಶಬ್ದವಿಲ್ಲದ ಕೋಣೆಯಲ್ಲಿ, ಹನ್ನೊಂದು ಹಾಡುಗಳನ್ನೂ ಸಾಲಾಗಿ ಕೇಳಿ. ಒಟ್ಟು ಅವಧಿ 50 ನಿಮಿಷವನ್ನೂ ಮೀರುವುದಿಲ್ಲ. ಹಾಡುಗಳ ಕ್ರಮವನ್ನು ಬದಲಿಸಬೇಡಿ, ಏಕೆಂದರೆ ಹಲವು ಹಾಡುಗಳ ಕೊನೆಗೆ ಮುಂದಿನದಕ್ಕೆ ಒಯ್ಯುವ ಚಿಕ್ಕ ವಾದ್ಯಭಾಗಗಳಿವೆ. ಹಿನ್ನೆಲೆಯಲ್ಲಿ ಸಣ್ಣ ದನಿಯಲ್ಲಿ ಹಾಕಿಕೊಂಡಾಗ ಮೊದಲು ಕಳೆದುಹೋಗುವುದು ಅವೇ. ಹಳೆಯ ಸಿಡಿ ಮತ್ತು 2012ರ ಮರುಸಂಸ್ಕರಿತ ಆವೃತ್ತಿ ಎರಡೂ ಕೈಗೆ ಸಿಕ್ಕರೆ, ಮೊದಲು ಹಳೆಯದನ್ನೇ ಕೇಳಿ.